ಎಲ್ಲ ರಿಪೋರ್ಟ್ ನಾರ್ಮಲ್, ಆದರೂ ಸದಾ ಸುಸ್ತು: ಕ್ರಾನಿಕ್ ಫಟೀಗ್ ಸಿಂಡ್ರೋಮ್ ನಿಜವಾಗಿ ಕಾಯಿಲೆಯಾ?

ನಿಮ್ಮ ಅತ್ತಿಗೆಗೆ ಒಂದೂವರೆ ವರ್ಷದಿಂದ ಸುಸ್ತು. ರಕ್ತ, ಥೈರಾಯ್ಡ್, ಸ್ಕ್ಯಾನಿಂಗ್ ಎಲ್ಲ ನಾರ್ಮಲ್. ಕೊನೆಗೊಬ್ಬರು ಡಾಕ್ಟರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅಂದಿದ್ದಾರೆ, ಮನೆಯಲ್ಲಿ "ಸುಸ್ತು ಯಾರಿಗಿಲ್ಲ ಹೇಳಿ" ಅನ್ನುತ್ತಿದ್ದಾರೆ. ಇದು ಕಾಯಿಲೆಯಾ, ಇಲ್ಲಾ ಕಾರಣ ಸಿಗದಿದ್ದಾಗ ಅಂಟಿಸೋ ಚೀಟಿಯಾ ಅಂತ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ಹಾಸನದ ಕಡೆಯವಳು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಡೆಂಗಿ ಬಂದು ಹೋದ ಮೇಲೆ ಇದೇ ಚೀಟಿ ಅಂಟಿಸಿಕೊಂಡು ಏಳು ವರ್ಷವಾಯಿತು. ಕಾಯಿಲೆ ಹೌದು, ಅನುಮಾನ ಬೇಡ. ಎಡವಟ್ಟು ಇರೋದು ಆ ಚೀಟಿಯ ಮೇಲೆ ಬರೆದ ಹೆಸರಲ್ಲಿ.

ಫಟೀಗ್ ಅಂದರೆ ಸುಸ್ತು, ಅಲ್ಲಿಗೆ ಕಥೆ ಮುಗಿಯಿತು. ಬಸ್ಸಲ್ಲಿ ನಿಂತು ಬಂದರೂ ಸುಸ್ತು, ಮದುವೆ ಓಡಾಟ ಮುಗಿದರೂ ಸುಸ್ತು. ಒಂದು ನಿದ್ದೆ ತೆಗೆದರೆ ಹೋಗುತ್ತೆ. ಹಾಗಾಗಿ ಕೇಳಿದವರೆಲ್ಲ ಖರ್ಜೂರ ತಿನ್ನು, ಬೆಳಿಗ್ಗೆ ಬೇಗ ಎದ್ದು ವಾಕ್ ಹೋಗು ಅನ್ನುತ್ತಾರೆ. ನಮ್ಮಜ್ಜಿ ಟೈಫಾಯ್ಡಿನಿಂದ ಎದ್ದವರನ್ನು ನೋಡಿ "ನಿತ್ರಾಣ ಆಗಿಬಿಟ್ಟಿದ್ದಾನೆ" ಅನ್ನುತ್ತಿದ್ದರು. ಆ ಮಾತು ಸ್ವಲ್ಪ ಹತ್ತಿರ ಬರುತ್ತೆ. ಆದರೂ ಈ ಕಾಯಿಲೆಯ ಗುರುತು ಬೇರೆಯೇ ಇದೆ.

ಮೂರು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಒಂದು ಬೆಳಿಗ್ಗೆ ತುಂಬ ಹಗುರ ಅನ್ನಿಸಿತು. ಓರಗಿತ್ತಿ ರಾತ್ರಿಯೇ ನೆನೆಹಾಕಿದ್ದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಕೂತಿದ್ದಳು. ನಾನೂ ಚಾಪೆ ಮೇಲೆ ಕೂತೆ. ಹೆಬ್ಬೆರಳು ತೋರುಬೆರಳ ಮಧ್ಯೆ ಕಾಳು ಹಿಡಿದು ಹಿಸುಕಿದರೆ ಬೇಳೆ ಪಚಕ್ಕನೆ ಹಾರುತ್ತೆ, ಸಿಪ್ಪೆ ಕೈಯಲ್ಲಿ ಉಳಿಯುತ್ತೆ. ಮಾತಾಡುತ್ತಾ ಒಂದು ಗಂಟೆ ಹಿದುಕಿದೆವು. ಮಧ್ಯಾಹ್ನ ಹಿದುಕಿದ ಬೇಳೆ ಸಾರು, ಮುದ್ದೆ. ಏನೂ ಆಗಲಿಲ್ಲ. ಮಾರನೇ ದಿನ ಗಂಟಲು ಸ್ವಲ್ಪ ಕೆರೆಯಿತು, ಅಷ್ಟೇ. ಅದರ ಮಾರನೇ ದಿನ ಟೂತ್‌ಪೇಸ್ಟಿನ ಮುಚ್ಚಳ ತಿರುಗಿಸಲು ಕೈ ಬರಲಿಲ್ಲ. ಅಡುಗೆಮನೆಯಲ್ಲಿ ತಟ್ಟೆ ಇಟ್ಟ ಸದ್ದು ತಲೆಯೊಳಗೇ ಬಡಿದ ಹಾಗೆ. ಮಗ ಹೋಂವರ್ಕ್ ಹಿಡಿದುಕೊಂಡು ಬಂದು ಹದಿನೇಳಾರ್ಲೆ ಎಷ್ಟಮ್ಮ ಅಂದ. ಹದಿನೈದು ವರ್ಷ ಗಣಿತ ಹೇಳಿದವಳು ಬಾಯಿ ತೆರೆದು ಸುಮ್ಮನೆ ಅವನ ಮುಖ ನೋಡಿದೆ. ಐದು ದಿನ ಕಿಟಕಿ ಮುಚ್ಚಿಕೊಂಡು ಮಲಗಿದ್ದೆ.

"ಅಲ್ಲ ಅಕ್ಕ, ಮೊನ್ನೆ ಚೆನ್ನಾಗೇ ಇದ್ರಲ್ಲ?" ಅಂದಳು ಓರಗಿತ್ತಿ. ಅವಳದೇನೂ ತಪ್ಪಿಲ್ಲ, ಮೊನ್ನೆ ಚೆನ್ನಾಗೇ ಇದ್ದೆ. ಇವತ್ತು ಮಾಡಿದ್ದಕ್ಕೆ ನಾಡಿದ್ದು ಬಿಲ್ಲು ಬರೋದೇ ಈ ಕಾಯಿಲೆ. ಡಾಕ್ಟರುಗಳು ಇದನ್ನು ಪೋಸ್ಟ್ ಎಕ್ಸರ್ಷನಲ್ ಮಲೇಸ್ ಅನ್ನುತ್ತಾರೆ. ಮೈಯ ಶ್ರಮವೇ ಆಗಬೇಕಿಲ್ಲ. ಒಂದು ಫಾರಂ ತುಂಬಿದರೂ, ಜೋರಾಗಿ ಜಗಳವಾಡಿದರೂ ಸಾಕು.

ಇಷ್ಟು ಮುಖ್ಯವಾದ ಗುರುತು ವ್ಯಾಖ್ಯೆಯೊಳಗೆ ಕಡ್ಡಾಯವಾಗಿ ಬರಲು ಎಷ್ಟು ಕಾಲ ಹಿಡಿಯಿತು ನೋಡಿ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ 300ರ ಆಸುಪಾಸು ಸಿಬ್ಬಂದಿ ಒಟ್ಟಿಗೆ ಕಾಯಿಲೆ ಬಿದ್ದರು, ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಆಗ ಈ ಕಾಯಿಲೆಗೆ ಹುಟ್ಟಿದ ಹೆಸರು ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್, ಅಂದರೆ ಸ್ನಾಯು ನೋವಿನ ಜೊತೆ ಮಿದುಳು-ಬೆನ್ನುಹುರಿಯ ಉರಿಯೂತ. ನಾಲಿಗೆ ಹೊರಳಲ್ಲ ನಿಜ, ಆದರೆ ಕೇಳಿದವರು ಯಾರೂ ನಗುವುದಿಲ್ಲ. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಮಾರನೇ ವರ್ಷವೇ ಮೆಕ್‌ಎವೆಡಿ, ಬಿಯರ್ಡ್ ಎಂಬ ಇಬ್ಬರು ಮನೋವೈದ್ಯರು ಅದು ಸಾಮೂಹಿಕ ಹಿಸ್ಟೀರಿಯಾ ಅಂತ ಬರೆದರು. ರೋಗಿಗಳನ್ನು ಪರೀಕ್ಷಿಸಿ ಅಲ್ಲ, ಹಳೇ ಕೇಸ್ ಶೀಟು ಓದಿ. ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಜಾಸ್ತಿ ಅನ್ನೋದೂ ಅವರ ಆಧಾರಗಳಲ್ಲೊಂದು! ನಿಮ್ಮ ಮನೆಯಲ್ಲಿ ಅತ್ತಿಗೆ ಕೇಳುತ್ತಿರೋ ಮಾತಿಗೂ ಇದಕ್ಕೂ ದೂರವೇನಿಲ್ಲ.

1988ರಲ್ಲಿ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇದಕ್ಕೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅಂತ ಹೆಸರಿಟ್ಟಿತು. 1994ರ ವ್ಯಾಖ್ಯೆ ಹೇಳಿದ್ದು: ಕಾರಣ ಸಿಗದ ಸುಸ್ತು 6 ತಿಂಗಳು, ಜೊತೆಗೆ 8 ಲಕ್ಷಣಗಳಲ್ಲಿ ಯಾವುದಾದರೂ 4. ನಾಡಿದ್ದಿನ ಕುಸಿತ ಆ ಎಂಟರಲ್ಲಿ ಒಂದು ಮಾತ್ರ. ಗಣಿತದವಳಾಗಿ ಲೆಕ್ಕ ಹಾಕಿದರೆ, ಅದನ್ನು ಬಿಟ್ಟು ಉಳಿದ ಏಳರಲ್ಲೇ ನಾಲ್ಕನ್ನು ಆರಿಸಿ ಪಾಸಾಗುವ ದಾರಿ 35! ಬ್ರಿಟನ್ನಿನ 1991ರ ಆಕ್ಸ್‌ಫರ್ಡ್ ವ್ಯಾಖ್ಯೆ ಇನ್ನೂ ಸಡಿಲ, 6 ತಿಂಗಳ ತೀವ್ರ ಸುಸ್ತಿದ್ದರೆ ಹೆಚ್ಚುಕಡಿಮೆ ಸಾಕು. ಹೀಗೆ ಜರಡಿಯ ಕಣ್ಣು ದೊಡ್ಡದಾದರೆ ಕಾಳು ಕಲ್ಲು ಎಲ್ಲ ಒಟ್ಟಿಗೆ ಬೀಳುತ್ತೆ. ಆ ಜರಡಿಯಿಂದಲೇ 641 ಜನರನ್ನು ಆರಿಸಿ ಪೇಸ್ ಅನ್ನೋ ಪ್ರಯೋಗ ನಡೆಯಿತು. ಸ್ವಲ್ಪಸ್ವಲ್ಪವೇ ವ್ಯಾಯಾಮ ಹೆಚ್ಚಿಸಿದರೆ, ಕೌನ್ಸೆಲಿಂಗ್ ಕೊಟ್ಟರೆ ಸುಧಾರಿಸುತ್ತೆ ಅಂತ 2011ರಲ್ಲಿ ಫಲಿತಾಂಶ ಬಂತು. ಅದರ ಬಗ್ಗೆ ವರ್ಷಗಟ್ಟಲೆ ಜಗಳವಾಯಿತು. ಕೊನೆಗೆ 2021ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ, ಹಾಗೆ ಹಂತಹಂತವಾಗಿ ವ್ಯಾಯಾಮ ಏರಿಸುವ ಚಿಕಿತ್ಸೆ ಕೊಡಬೇಡಿ ಅಂತ ಮಾರ್ಗಸೂಚಿ ಬದಲಿಸಿತು.

ಈಗ ನನಗೆ ಒಪ್ಪಿಗೆಯಾಗೋದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಕೊಟ್ಟ ವ್ಯಾಖ್ಯೆ. ಮೊದಲು ಮಾಡುತ್ತಿದ್ದ ಕೆಲಸ 6 ತಿಂಗಳಿಗೂ ಹೆಚ್ಚು ಕಾಲ ಮಾಡಲಾಗದಷ್ಟು ಬಳಲಿಕೆ, ಶ್ರಮದ ನಂತರದ ಕುಸಿತ, ಎಷ್ಟು ಮಲಗಿದರೂ ದಣಿವು ಆರಿಸದ ನಿದ್ದೆ, ಈ ಮೂರೂ ಇರಲೇಬೇಕು. ಇವುಗಳ ಜೊತೆ ಮರೆವು-ಗೊಂದಲವೋ, ನಿಂತಾಗ ತಲೆ ತೇಲಿ ಬರೋದೋ, ಒಂದಾದರೂ ಇರಬೇಕು. ಅವರು ಹೊಸ ಹೆಸರನ್ನೂ ಸೂಚಿಸಿದ್ದರು, ಅದು ಯಾರ ಬಾಯಲ್ಲೂ ನಿಲ್ಲಲಿಲ್ಲ.

ನಮ್ಮ ಕಡೆ ಇನ್ನೊಂದು ಗೋಜಲಿದೆ. ಗೋವಾದಲ್ಲಿ ಹೆಂಗಸರ ಸಮೀಕ್ಷೆಯೊಂದು ನಡೆದು 2005ರಲ್ಲಿ ಪ್ರಕಟವಾಯಿತು. ಸುಮಾರು 12% ಹೆಂಗಸರು ಕಡೇಪಕ್ಷ 6 ತಿಂಗಳಿಂದ ಇರುವ ಸುಸ್ತು ಹೇಳಿಕೊಂಡಿದ್ದರು. ಅದಕ್ಕೆ ಬಲವಾಗಿ ತಳುಕು ಹಾಕಿಕೊಂಡಿದ್ದು ಮನಸ್ಸಿನ ನೋವು ಮತ್ತು ಹೆಣ್ಣಾಗಿ ಅನುಭವಿಸುವ ಕಷ್ಟಗಳು. ಆ ಸುಸ್ತು ಸುಳ್ಳಲ್ಲ, ಅದಕ್ಕೂ ಮದ್ದು ಬೇಕು. ಆದರೆ ಅವರೆಲ್ಲರಿಗೂ ಈ ಸಿಂಡ್ರೋಮ್ ಇದೆ ಅಂದರೆ ತಪ್ಪು. ಈ ಸಿಂಡ್ರೋಮ್ ಇರುವವರಿಗೆ "ಇದೆಲ್ಲ ಮನಸ್ಸಿನದು" ಅಂದರೆ ಅದೂ ತಪ್ಪು.

ರಿಪೋರ್ಟ್ ನಾರ್ಮಲ್ ಬಂದಿದ್ದಕ್ಕೆ ಗಾಬರಿ ಬೀಳಬೇಡಿ. ಈ ಕಾಯಿಲೆಯನ್ನು ಖಚಿತವಾಗಿ ಹಿಡಿಯುವ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ರಕ್ತಹೀನತೆ, ಬಿ12, ಸಕ್ಕರೆ, ಟಿಬಿ, ನಿದ್ದೆಯಲ್ಲಿ ಉಸಿರು ಕಟ್ಟೋದು, ಖಿನ್ನತೆ ಇವೆಲ್ಲ ನೋಡಿ ಆಗಿದೆಯಾ ಅಂತ ಮಾತ್ರ ಡಾಕ್ಟರನ್ನು ಒಮ್ಮೆ ಕೇಳಿ. ಗುಣಪಡಿಸುವ ಮಾತ್ರೆಯೂ ಇಲ್ಲ. ನಿದ್ದೆಗೆ, ನೋವಿಗೆ, ತಲೆ ತೇಲೋದಕ್ಕೆ ಬೇರೆಬೇರೆ ಔಷಧಿ ಕೊಡುತ್ತಾರೆ. ದಯವಿಟ್ಟು ಅತ್ತಿಗೆಯನ್ನು ಬಲವಂತವಾಗಿ ವಾಕಿಂಗ್ ಕರೆದುಕೊಂಡು ಹೋಗಬೇಡಿ.

ಒಂದು ಸಣ್ಣ ನೋಟ್‌ಬುಕ್ ತಂದುಕೊಡಿ. ಅತ್ತಿಗೆ ಮಲಗಿಬಿಟ್ಟ ದಿನ "ಇವತ್ತು ಏನಾಯ್ತು" ಅಂತ ಕೇಳದೆ "ಮೊನ್ನೆ ಏನೇನು ಮಾಡಿದ್ರಿ ಅತ್ತಿಗೆ" ಅಂತ ಕೇಳಿ ಬರೆದಿಡಿ. ಒಂದೆರಡು ತಿಂಗಳು ಬರೆದರೆ, ಎಷ್ಟು ಹೊತ್ತು ಏನು ಮಾಡಿದರೆ ಬೀಳುತ್ತಾರೆ ಅಂತ ನಿಮಗೇ ಕಾಣಬಹುದು. ಆ ಪುಸ್ತಕವನ್ನೇ ಡಾಕ್ಟರಿಗೂ ತೋರಿಸಿ. ನನ್ನ ಪುಸ್ತಕದ ಪ್ರಕಾರ ಅವರೆ ಹಿದುಕೋದು ಹದಿನೈದು ನಿಮಿಷ, ಅದಕ್ಕಿಂತ ಒಂದು ಕಾಳೂ ಜಾಸ್ತಿ ಇಲ್ಲ. ಮಿಕ್ಕಿದ್ದನ್ನು ಓರಗಿತ್ತಿ ನೋಡಿಕೊಳ್ಳುತ್ತಾಳೆ. ಸಾರಿಗೆ ಉಪ್ಪು ಕಮ್ಮಿಯಾಯಿತು ಅನ್ನೋ ಹಕ್ಕು ಮಾತ್ರ ನನ್ನ ಕೈತಪ್ಪಿದೆ.