ಎತ್ತಿದರೆ ಟಣ್, ನಿಂತರೆ ದಡ್: ಹೌಸಿಂಗ್ ಬಿಚ್ಚುವ ಮೊದಲು

ಪ್ರಶ್ನೆ: ಮೇಸ್ತ್ರಿಯವರಿಗೆ ನಮಸ್ಕಾರ. ನನ್ನದು ಆರು ಚಕ್ರದ ಹಳೇ ಲಾರಿ. ಸೀಸನ್‌ನಲ್ಲಿ ಗದ್ದೆಯಿಂದ ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತೇನೆ, ಮಿಕ್ಕ ದಿನ ಜಲ್ಲಿ, ಇಟ್ಟಿಗೆ. ಎರಡು ತಿಂಗಳಿಂದ ಫಸ್ಟ್ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಕೆಳಗೆ ‘ಟಣ್’ ಅನ್ನುತ್ತದೆ. ಬ್ರೇಕ್ ಹಾಕಿ ನಿಲ್ಲಿಸಿದರೆ, ಗಾಡಿ ನಿಂತು ಒಂದು ಕ್ಷಣ ಆದ ಮೇಲೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ ‘ದಡ್’ ಅನ್ನುತ್ತದೆ. ಹಿಂದಿನ ಚಕ್ರ ತಿರುಗಿಸುವ ಹಲ್ಲುಚಕ್ರದ ಜೋಡಿ, ಅಂದರೆ ಕ್ರೌನ್ ಪಿನಿಯನ್ ಹೋಗಿದೆ, ಅದು ಕೂತಿರುವ ಹಿಂದಿನ ಅಚ್ಚಿನ ಕವಚ, ಅಂದರೆ ಹೌಸಿಂಗ್ ಬಿಚ್ಚಬೇಕು ಅಂತ ಒಂದು ಗ್ಯಾರೇಜಿನಲ್ಲಿ ಹೇಳಿದ್ದಾರೆ. ಬಿಚ್ಚಿಸಲೇ?
– ಲಾರಿ ಮಾಲೀಕರೊಬ್ಬರು, ಪಾಂಡವಪುರ

ಉತ್ತರ: ಈಗಲೇ ಬಿಚ್ಚಿಸಬೇಡಿ. ‘ಗಾಡಿ ನಿಂತು ಒಂದು ಕ್ಷಣ ಆದ ಮೇಲೆ’ ಅಂತ ಬರೆದಿದ್ದೀರಲ್ಲ, ಆ ಒಂದು ಮಾತಿಗೇ ನನ್ನ ಅನುಮಾನ ಹೌಸಿಂಗಿನಿಂದ ಜಾಯಿಂಟ್ ರಾಡಿನ ಕಡೆಗೆ, ಅಂದರೆ ಗೇರ್ ಬಾಕ್ಸಿನ ತಿರುಗುವಿಕೆಯನ್ನು ಹೌಸಿಂಗಿಗೆ ಒಯ್ಯುವ ಉದ್ದ ರಾಡಿನ ಕಡೆಗೆ ಬಂತು.

ಬ್ರೇಕ್ ಹಿಡಿದಾಗ ಹಿಂದಿನ ಹೌಸಿಂಗ್ ಸುಮ್ನೆ ಕೂತಿರುವುದಿಲ್ಲ. ಚಕ್ರ ಉರುಳುವ ಕಡೆಗೇ ಅದೂ ತಿರುಚಿಕೊಂಡು, ರಾಡು ಬಂದು ಸೇರುವ ಮೂತಿ ತಗ್ಗಿಸುತ್ತದೆ, ಸ್ಪ್ರಿಂಗ್ ಪ್ಲೇಟುಗಳೂ ಜೊತೆಗೆ ಮಣಿಯುತ್ತವೆ. ಗಾಡಿ ನಿಂತ ಮೇಲೆ ಮೂತಿ ಮತ್ತೆ ಮೇಲೇಳುತ್ತದೆ. ಈ ಏರಿಳಿತಕ್ಕೆ ಜಾಯಿಂಟ್ ರಾಡಿನ ಉದ್ದ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆಗಬೇಕು. ಅದಕ್ಕೇ ಅಲ್ಲಿ ಹಲ್ಲು ಹಲ್ಲಾಗಿ ಒಂದರೊಳಗೊಂದು ಜಾರುವ ಸ್ಲಿಪ್ ಇಟ್ಟಿರುತ್ತಾರೆ. ಗ್ರೀಸ್ ಇದ್ದರೆ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರುತ್ತದೆ. ಒಣಗಿದ್ದರೆ ಕಚ್ಚಿಕೊಂಡು ನಿಲ್ಲುತ್ತದೆ, ಆಮೇಲೆ ತಡೆಯಲಾರದೆ ಒಂದೇ ಸಲಕ್ಕೆ ಬಿಟ್ಟುಕೊಳ್ಳುತ್ತದೆ. ನಿಮ್ಮ ‘ದಡ್’ ಅದೇ ಇರಬೇಕು ಅಂತ ನನಗೆ ಅನ್ನಿಸುತ್ತದೆ.

ಊಹೆ ಸರಿಯೇ ಅಂತ ನೀವೇ ನೋಡಬಹುದು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೋಗಿ, ನ್ಯೂಟ್ರಲ್ ಮಾಡಿ, ಬ್ರೇಕ್ ಹಾಕಿ ನಿಲ್ಲಿಸಿ. ಆಗಲೂ ‘ದಡ್’ ಬಂದರೆ ಅದಕ್ಕೆ ಇಂಜಿನ್ನಿನ ಎಳೆತ ಕಾರಣ ಅಲ್ಲ. ಸ್ಲಿಪ್ ನೋಡಿ, ಹೌಸಿಂಗನ್ನು ಸ್ಪ್ರಿಂಗಿಗೆ ಬಿಗಿದಿರುವ ಯು ಬೋಲ್ಟ್ ನೋಡಿ. ಗೇರಿನಲ್ಲಿದ್ದಾಗ ಮಾತ್ರ ಬಂದರೆ ರಾಡಿನ ತುದಿಯಲ್ಲಿ ನಾಲ್ಕು ತೋಳಿನ ಕೀಲಾಗಿರುವ ಕ್ರಾಸ್, ಕ್ಲಚ್ ಪ್ಲೇಟಿನ ಸ್ಪ್ರಿಂಗ್, ಗೇರ್ ಬಾಕ್ಸ್ ಮೌಂಟಿಂಗ್, ಕೊನೆಗೆ ಹೌಸಿಂಗ್.

ಇನ್ನು ಗಾಡಿ ಎತ್ತುವಾಗಿನ ‘ಟಣ್’. ಫಸ್ಟ್ ಗೇರಿನಲ್ಲಿ ಇಂಜಿನ್ನಿನ ತಿರುಚು ಬಲ ಆರೇಳು ಪಟ್ಟಾಗಿ ಜಾಯಿಂಟ್ ರಾಡಿಗೆ ಬರುತ್ತದೆ. ಎಲ್ಲಾದರೂ ಸಡಿಲ ಇದ್ದರೆ ಆ ಸಂದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಬಡಿಯುತ್ತದೆ. ಮೊದಲು ನೋಡಬೇಕಾದ್ದು ಕ್ರಾಸ್. ಲಾರಿ ಖಾಲಿ ಇರಲಿ, ನೆಲ ಸಮ ಇರಲಿ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಆರಿಸಿ, ನ್ಯೂಟ್ರಲ್ ಮಾಡಿ, ಕೀ ಜೇಬಿಗೆ ಹಾಕಿಕೊಂಡೇ ಕೆಳಗೆ ಇಳಿಯಿರಿ. ಕಲ್ಲು ಕೊಡದೆ ಲಾರಿ ಕೆಳಗೆ ತಲೆ ಹಾಕಬೇಡಿ, ಎಷ್ಟೇ ಅರ್ಜೆಂಟ್ ಇದ್ದರೂ.

ರಾಡನ್ನು ಎರಡು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ. ಕ್ರಾಸಿನ ಎರಡೂ ಬದಿ ಒಟ್ಟಿಗೆ ಕದಲಬೇಕು. ಒಂದು ಕದಲಿ ಇನ್ನೊಂದು ಸುಮ್ಮನಿದ್ದರೆ ಕ್ರಾಸ್ ಹೋಗಿದೆ. ಕ್ರಾಸಿನ ತೋಳಿನ ತುದಿಗೆ ಕೂತ ಬಟ್ಟಲಿನಂಥ ಕಪ್ಪಿನ ಸುತ್ತ ಟಾರ್ಚ್ ಬಿಟ್ಟು ನೋಡಿ. ಕುಂಕುಮ ಉದುರಿದ ಹಾಗೆ ಕೆಂಪು ಪುಡಿ ಕಂಡರೆ ಬೇರೆ ಸಾಕ್ಷಿ ಬೇಡ. ಒಳಗೆ ಸೂಜಿ ಬೇರಿಂಗ್ ಗ್ರೀಸಿಲ್ಲದೆ ಉಜ್ಜಿ ಉಜ್ಜಿ ತುಕ್ಕಾಗಿ ಹೊರಗೆ ಬರುತ್ತಿದೆ ಅಂತ ಅರ್ಥ. ಅಂಥ ಕ್ರಾಸ್ ಬಿಚ್ಚಿದರೆ ಅದರ ತೋಳಿನ ಮೇಲೆ ಸೂಜಿಗಳು ಕೂತ ಗೆರೆಗಳು ಸಾಲಾಗಿ ಕಾಣುತ್ತವೆ. ಉಗುರು ಎಳೆದರೆ ಕರ್ ಕರ್ ಅಂತ ಸಿಗುತ್ತದೆ. ಆಮೇಲೆ ಎಷ್ಟು ಗ್ರೀಸ್ ಹೊಡೆದರೂ ವ್ಯರ್ಥ. ಹಾಗೇ ಓಡಿಸಿದರೆ ಒಂದು ದಿನ ಮುಂದಿನ ಕ್ರಾಸ್ ಮುರಿದು ರಾಡು ರಸ್ತೆಗೆ ಊರಿಕೊಳ್ಳುತ್ತದೆ. ಕಬ್ಬಿನ ಲೋಡಿನಲ್ಲಿ ಹಾಗಾಗಬಾರದು.

ರಾಡಿನ ತುದಿಯ ಬಿಲ್ಲೆ, ಅಂದರೆ ಫ್ಲೇಂಜಿನ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ ಬಿಗಿ ನೋಡಿ. ರಾಡನ್ನು ನಡುವೆ ಹೊತ್ತಿರುವ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆಯಾ ನೋಡಿ. ಯು ಬೋಲ್ಟ್ ಹತ್ತಿರ ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ ಉಜ್ಜಿ ಹೊಳೆಯುವ ಕಬ್ಬಿಣದ ಗೆರೆ ಇದ್ದರೆ ಹೌಸಿಂಗ್ ಕೂತ ಜಾಗದಲ್ಲೇ ಜರುಗುತ್ತಿದೆ.

ಇದೆಲ್ಲ ಗಟ್ಟಿ ಇದ್ದೂ ರಾಡು ಜಾಸ್ತಿ ತಿರುಗಿದರೆ ಮಾತ್ರ ಹೌಸಿಂಗ್ ಮಾತು. ಅಲ್ಲೂ ಒಂದು ವಿಷಯ ನೆನಪಿರಲಿ. ಕ್ರೌನ್ ಪಿನಿಯನ್ ಹಲ್ಲುಗಳ ನಡುವೆ ಸ್ವಲ್ಪ ಸಂದು ಬೇಕೇ ಬೇಕು, ಸುಮಾರು ಕಾಲು ಮಿಲಿಮೀಟರ್, ಆಯಿಲ್ ನಿಲ್ಲುವುದಕ್ಕೆ. ಹಾಗಾಗಿ ಒಂಚೂರು ತಿರುಗಿದ ಮಾತ್ರಕ್ಕೆ ಹೋಯ್ತು ಅನ್ನಬಾರದು. ಪಿನಿಯನ್ ಫ್ಲೇಂಜನ್ನು ಮೇಲೆ ಕೆಳಗೆ ಎತ್ತಿ ನೋಡಿ, ಅಲ್ಲಾಡಿದರೆ ಬೇರಿಂಗ್ ಹೋಗಿದೆ. ಆಯಿಲ್ ಇಳಿಸಿದಾಗ ಡ್ರೈನ್ ಪ್ಲಗ್ಗಿಗೆ ಕಾಡಿಗೆಯ ಹಾಗೆ ನುಣ್ಣಗೆ ಅಂಟಿದ್ದರೆ ಹೆದರಬೇಡಿ. ಚೂರುಗಳು ಸಿಕ್ಕರೆ ಬಿಚ್ಚಿಸಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬನ್ನಿಮಂಟಪದ ನನ್ನ ಗ್ಯಾರೇಜಿಗೆ ಮಂಡ್ಯದ ಕಡೆಯ ಒಂದು ಬೆಲ್ಲದ ಲಾರಿ ಬಂದಿತ್ತು. ಬೇರೆ ಕಡೆ ಸಾಲ ಮಾಡಿ ಕ್ರೌನ್ ಪಿನಿಯನ್ ಹಾಕಿಸಿದ್ದರು. ಶಬ್ದ ಹಾಗೇ ಇತ್ತು. ಸ್ಲಿಪ್ಪಿಗೆ ಗ್ರೀಸ್ ಹೊಡೆಯುವ ನಿಪ್ಪಲ್ ಮೇಲೆ ಗದ್ದೆ ಮಣ್ಣು ಒಣಗಿ ಕಲ್ಲಾಗಿತ್ತು, ಚಿಸೆಲ್ಲಿನಿಂದ ಕೆತ್ತಿ ತೆಗೆದೆವು. ಒಳಗೆ ಒಂದು ತೊಟ್ಟು ಗ್ರೀಸ್ ಇರಲಿಲ್ಲ. ಒಂದು ಕ್ರಾಸು, ಅರ್ಧ ದಿನದ ಕೆಲಸ, ಅಷ್ಟೇ. ಆ ಮಾಲೀಕರು ಸ್ಟೇರಿಂಗ್ ಮೇಲೆ ತಲೆ ಇಟ್ಟುಕೊಂಡು ಕೂತದ್ದು ಇನ್ನೂ ನನ್ನ ಕಣ್ಣ ಮುಂದಿದೆ.

ನಾಲೆ ನೀರು ಹರಿದ ಗದ್ದೆಗೆ ಇಳಿಯುವ ಲಾರಿಗೆ ಗ್ರೀಸ್ ಬೇಗ ತೊಳೆದು ಹೋಗುತ್ತದೆ. ಸೀಸನ್‌ನಲ್ಲಿ ವಾರಕ್ಕೊಮ್ಮೆ ಹೊಡೆಯಿರಿ. ಕ್ರಾಸಿನ ನಾಲ್ಕು ಕಪ್ಪಿನಿಂದಲೂ ಹೊಸ ಗ್ರೀಸ್ ಇಣುಕುವವರೆಗೆ ಹೊಡೆಯಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದೇ ಮೊದಲು ಕೈ ಕೊಡುವುದು. ಚಕ್ರ ಹೂತಾಗ ಫಸ್ಟು, ರಿವರ್ಸು ಅಂತ ಜೋಲಿ ಹೊಡೆಸಬೇಡಿ, ಒಂದೊಂದು ಜಗ್ಗೂ ಕ್ರಾಸಿಗೆ ಸುತ್ತಿಗೆ ಏಟು. ಪಕ್ಕದ ಗದ್ದೆಯವರ ಟ್ರ್ಯಾಕ್ಟರ್ ಕರೆಸಿ ಎಳೆಸಿ.

ಪ್ರಶ್ನೆ: ಜಾಯಿಂಟ್ ಬಿಚ್ಚಿ ಗ್ರೀಸ್ ಮಾಡಿಸಿದೆ. ಜಗ್ಗುವುದು ನಿಂತಿತು, ಆದರೆ ವೇಗ 40 ದಾಟಿದರೆ ಇಡೀ ಕ್ಯಾಬಿನ್ ನಡುಗುತ್ತದೆ. ಮೊದಲು ಹೀಗಿರಲಿಲ್ಲ, ಯಾಕೆ?
– ಟೆಂಪೋ ಚಾಲಕರು, ಶ್ರೀರಂಗಪಟ್ಟಣ

ಉತ್ತರ: ಸ್ಲಿಪ್ ಹಲ್ಲು ತಪ್ಪಿಸಿ ಕೂರಿಸಿರಬೇಕು. ರಾಡಿನ ಎರಡು ತುದಿಯಲ್ಲಿ ಕ್ರಾಸ್ ಹಿಡಿಯುವ ಕವೆಗಳು ಒಂದೇ ನೇರಕ್ಕೆ ಇರಬೇಕು. ಒಂದು ಕ್ರಾಸ್ ಕೊಡುವ ಏರುಪೇರನ್ನು ಇನ್ನೊಂದು ಸರಿ ಮಾಡುವುದು ಆಗಲೇ. ರಾಡಿನ ಮೇಲೆ ಬಾಣದ ಗುರುತು ಕೊಟ್ಟಿದ್ದರೆ ಎದುರುಬದುರು ಬರುವ ಹಾಗೆ ಕೂರಿಸಲು ಹೇಳಿ. ಮುಂದಿನ ಸಲ ಬಿಚ್ಚುವ ಮೊದಲು ಎರಡೂ ಭಾಗಕ್ಕೆ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಸಿ.