ಕಾರ್ ಪಾಲಿಶ್‌ಗೆ ಯಾವ ಪ್ಯಾಡ್?

ಪ್ರಶ್ನೆ: ನಮಸ್ಕಾರ ಸರ್. ನನ್ನದು ಕಪ್ಪು ಕಾರು. ಬಿಸಿಲಲ್ಲಿ ನೋಡಿದರೆ ಮೈ ತುಂಬ ಜೇಡರ ಬಲೆಯಂಥ ಗೀರು. ಡಿಎ (ಡ್ಯುಯಲ್ ಆ್ಯಕ್ಷನ್, ಅಂದರೆ ತಿರುಗುತ್ತಾ ಅಲುಗಾಡುವ) ಪಾಲಿಶರ್ ತಂದಿದ್ದೇನೆ. ಅಂಗಡಿಯಲ್ಲಿ ಉಣ್ಣೆ ಪ್ಯಾಡ್, ಫೋಮ್ ಪ್ಯಾಡ್, ಬಟ್ಟೆ ಕವರ್ ಎಲ್ಲ ತೋರಿಸುತ್ತಾರೆ. ಯಾವುದು ತಗೊಳ್ಳಲಿ?
- ಓದುಗರು, ಸೇಡಂ

ಉತ್ತರ: ನೋಡ್ರಿ, ಬಟ್ಟೆ ಕವರ್ ಗೀರು ತೆಗೆಯೋದಿಲ್ಲ. ಟವೆಲ್ ಬಟ್ಟೆಯದು ವ್ಯಾಕ್ಸ್ ಹಚ್ಚಲು, ಮೈಕ್ರೋಫೈಬರಿನದು ಒಣಗಿದ ವ್ಯಾಕ್ಸ್ ಒರೆಸಲು. ಅಷ್ಟೇ ಅದರ ಕೆಲಸ. ಉಣ್ಣೆ ಪ್ಯಾಡ್ ಬೇಗ ಕೊರೆಯುತ್ತದೆ, ಅಂದರೆ ಪೇಂಟಿನ ಮೇಲ್ಪದರ ಸವೆಸಿ ಗೀರು ತೆಗೆಯುತ್ತದೆ, ಆದರೆ ಕಪ್ಪು ಬಣ್ಣದ ಮೇಲೆ ಮಬ್ಬು ಬಿಡುತ್ತದೆ. ಹೊಸಬರಿಗೆ ಬೇಡ.

ನೀವು ಮಧ್ಯಮ ಗಟ್ಟಿಯ ಫೋಮ್ ಪ್ಯಾಡಿನಿಂದ ಶುರು ಮಾಡಿ, ಕೊನೆಗೆ ಮೆತ್ತನೆಯದು ಬಳಸಿ. ಪ್ಯಾಡಿನ ಬಣ್ಣ ನೋಡಿ ಕೊಳ್ಳಬೇಡಿ. ಒಂದು ಕಂಪನಿಯ ಕಿತ್ತಳೆ ಇನ್ನೊಂದರಲ್ಲಿ ಬೇರೆಯೇ ಗಟ್ಟಿ ಇರುತ್ತದೆ. ಬೆರಳಿಂದ ಒತ್ತಿ ನೋಡಿ. ಪಾಲಿಶರಿಗೆ ಪ್ಯಾಡ್ ಅಂಟಿಸುವ ಪ್ಲೇಟು 5 ಇಂಚಿನದಾದರೆ ಐದೂವರೆ ಇಂಚಿನ ಪ್ಯಾಡ್ ಇರಲಿ. ಪ್ಲೇಟಿನ ಅಂಚು ಪೇಂಟಿಗೆ ತಾಗಿದರೆ ಕೆಟ್ಟಿತು.

ಒಂದೇ ಪ್ಯಾಡಲ್ಲಿ ಇಡೀ ಕಾರು ಮುಗಿಸಬೇಡಿ, ನಾಲ್ಕೈದು ಇಟ್ಟುಕೊಳ್ಳಿ. ಪಾಲಿಶ್ ಕುಡಿದು ತೊಯ್ದ ಫೋಮು ಬಿಸಿಯಾಗುತ್ತದೆ, ಸರಿಯಾಗಿ ಕೊರೆಯೋದಿಲ್ಲ.

ಇನ್ನೊಂದು ಮಾತು. ನಿಮ್ಮ ಸೇಡಂ, ವಾಡಿ ಕಡೆ ಸಿಮೆಂಟ್ ಧೂಳು ಜಾಸ್ತಿ ಅಲ್ವಾ? ತೊಳೆದ ಮೇಲೂ ಕೈಗೆ ಮರಳಿನಂತೆ ತರಿತರಿ ಹತ್ತಿದರೆ ಪಾಲಿಶ್‌ಗೆ ಮುಂಚೆ ಕ್ಲೇ ಬಾರ್ (ಪೇಂಟಿಗೆ ಅಂಟಿದ ಕಣ ಎತ್ತುವ ಜೇಡಿಮಣ್ಣಿನಂಥ ಮುದ್ದೆ) ಆಡಿಸಿ. ಆ ಕಣ ಪ್ಯಾಡಿಗೆ ಸಿಕ್ಕರೆ ಹೊಸ ಗೀರು ನೀವೇ ಎಳೆದಂತೆ. ಪ್ಯಾಡ್ ಕೆಳಗೆ ಬಿದ್ದರೆ ತೊಳೆಯದೆ ಮತ್ತೆ ಹಾಕಬೇಡಿ. ತೊಳೆದು ನೆರಳಲ್ಲೇ ಒಣಗಿಸಿ, ನಮ್ಮ ಮೇ ತಿಂಗಳ ಬಿಸಿಲಿಗೆ ಹಿಂದಿನ ವೆಲ್ಕ್ರೋದ ಅಂಟು ಬಿಡುತ್ತದೆ.