ಉಂಡ ಅರ್ಧ ಗಂಟೆಗೇ ಮತ್ತೆ ಊಟ ಕೇಳುವ ಮಾವನವರಿಗೆ ಇಲ್ಲವೆನ್ನಬೇಕೆ?

ಮರೆವಿನ ಕಾಯಿಲೆಯೂ ಸಕ್ಕರೆ ಕಾಯಿಲೆಯೂ ಇರುವ ನಿಮ್ಮ ಮಾವನವರು ಉಂಡು ಕೈತೊಳೆದ ಅರ್ಧ ಗಂಟೆಗೇ ಮತ್ತೆ ಊಟ ಕೇಳುತ್ತಾರೆ, ನೋಡಿಕೊಳ್ಳಲು ಬರುವಾಕೆ ಕೇಳಿದಾಗಲೆಲ್ಲ ಬಡಿಸುತ್ತಾಳೆ, ಅಡುಗೆಮನೆಗೆ ಬೀಗ ಹಾಕಬಹುದೇ ಎಂದು ಕೇಳಿದ್ದೀರಿ. ಮೈಸೂರಿನಲ್ಲಿ ಮನೆಗಳಿಗೇ ಹೋಗಿ ವಯಸ್ಸಾದವರ ಶುಶ್ರೂಷೆ ಮಾಡುವ ನರ್ಸ್ ನಾನು. ಬೀಗದ ಮಾತು ಆಮೇಲಿರಲಿ, ಆ ಹಸಿವು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ನೋಡಿ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ ಇಳಿದಾಗಲೂ ವಿಪರೀತ ಹಸಿವಾಗುತ್ತದೆ. ಜೊತೆಗೆ ಬೆವರು, ಕೈನಡುಕ, ಕಾರಣವಿಲ್ಲದ ಸಿಡುಕು ಕಂಡರೆ ವಾದಕ್ಕಿಳಿಯದೆ ಆಗಲೇ ಗ್ಲುಕೋಮೀಟರ್‌ನಲ್ಲಿ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಸಕ್ಕರೆ ಹತೋಟಿ ಮೀರಿ ಏರಿದ್ದರೂ ಹಸಿವು ಹೆಚ್ಚುತ್ತದೆ, ಆದರೆ ಆಗ ಬಾಯಾರಿಕೆ, ಪದೇ ಪದೇ ಮೂತ್ರ, ಎಷ್ಟು ತಿಂದರೂ ಇಳಿಯುವ ತೂಕ ಇರುತ್ತವೆ. ಥೈರಾಯ್ಡ್ ಹೆಚ್ಚು ಕೆಲಸ ಮಾಡಿದಾಗಲೂ ತೂಕ ಹೀಗೆಯೇ ಇಳಿಯುತ್ತದೆ.

ಇನ್ನು ಔಷಧಿಗಳು. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್, ರಾತ್ರಿ ಗಲಾಟೆಗೆಂದು ಬರೆದುಕೊಡುವ ಒಲಾಂಜಪಿನ್, ಕ್ವೆಟಿಯಾಪಿನ್, ಖಿನ್ನತೆಗೆ ಕೊಡುವ ಮಿರ್ಟಾಜಪಿನ್ ಇವೆಲ್ಲವೂ ಹಸಿವು ಹೆಚ್ಚಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಅದರಲ್ಲೂ ಸ್ಟೀರಾಯ್ಡನ್ನು ಒಮ್ಮೆಲೇ ಬಿಡಿಸುವುದು ಅಪಾಯ. ಯಾವ ಮಾತ್ರೆ ಶುರುವಾದ ಮೇಲೆ ಈ ಹಸಿವು ಹೆಚ್ಚಾಯಿತು ಎಂದು ಬರೆದುಕೊಂಡು, ಕೆ.ಆರ್. ಆಸ್ಪತ್ರೆಯಾಗಲಿ ಮಂಡ್ಯದ ಮಿಮ್ಸ್ ಆಗಲಿ, ನೀವು ತೋರಿಸುವ ವೈದ್ಯರ ಮುಂದಿಡಿ.

ಇವು ಯಾವುವೂ ಅಲ್ಲವೆಂದಾದರೆ ಉಳಿಯುವುದು ಮರೆವು. ಅವರ ಮಟ್ಟಿಗೆ ಅವರು ಉಂಡೇ ಇಲ್ಲ. 'ಈಗ ತಾನೆ ಉಂಡ್ರಲ್ಲ ಮಾವ' ಎಂದರೆ ಮನೆಯವರು ಸುಳ್ಳು ಹೇಳಿ ಉಪವಾಸ ಕೆಡವುತ್ತಿದ್ದಾರೆಂದೇ ತಿಳಿಯುತ್ತಾರೆ. 'ಬೇಳೆ ಬೇಯ್ತಾ ಇದೆ ಮಾವ, ಅಷ್ಟರಲ್ಲಿ ಈ ಅವರೆಕಾಯಿ ಸುಲಿದುಕೊಡಿ' ಎಂದು ಮೊರ ಮುಂದಿಟ್ಟರೆ, ಬೆರಳಿಗೆ ಪಳಗಿದ ಕೆಲಸವಾದ್ದರಿಂದ ಬಹಳಷ್ಟು ಜನ ಅದರಲ್ಲೇ ಮುಳುಗುತ್ತಾರೆ. ಉಂಡ ತಟ್ಟೆಯನ್ನು ಕೂಡಲೇ ಎತ್ತದೆ ಸ್ವಲ್ಪ ಹೊತ್ತು ಕಣ್ಣೆದುರೇ ಬಿಡುವುದೂ ಕೆಲವರಲ್ಲಿ ಫಲ ಕೊಡುತ್ತದೆ. ಮುಖ್ಯವಾಗಿ, ದಿನದ ಒಟ್ಟು ಆಹಾರವನ್ನು ಹೆಚ್ಚಿಸದೆ ಅದನ್ನೇ ಹಂಚಿ ಕೊಡಿ: ನಾಲ್ಕು ಇಡ್ಲಿಯವರಿಗೆ ಎಂಟಕ್ಕೆ ಎರಡು, ಹತ್ತಕ್ಕೆ ಎರಡು. ಹೀಗೆ ಹಂಚುವ ಮುನ್ನ, ಮಾತ್ರೆ ಅಥವಾ ಇನ್ಸುಲಿನ್ ಹೊತ್ತು ಬದಲಾಗಬೇಕೇ ಎಂದು ವೈದ್ಯರನ್ನು ಕೇಳಿಕೊಳ್ಳಿ. ನಡುವೆ ಕೇಳಿದರೆ ನೀರು ಮಜ್ಜಿಗೆ, ಬೇಯಿಸಿದ ತರಕಾರಿ ಕೊಡಬಹುದು. ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿದ್ದರೆ ಅದನ್ನೂ ಕೇಳಿಯೇ ಕೊಡಿ.

ಮುದ್ದೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ರಾಗಿ ಎಷ್ಟು ತಿಂದರೂ ಸಕ್ಕರೆ ಏರದೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ, ಅದು ನಿಜವಲ್ಲ. ಅದಕ್ಕಿಂತ ದೊಡ್ಡ ಭಯ ಗಂಟಲಿನದು: ಅಗಿಯದೆ ನುಂಗುವುದೇ ರೂಢಿ, ಮರೆವಿನವರು ಒಂದು ತುತ್ತು ಇಳಿಯುವ ಮುನ್ನ ಮತ್ತೊಂದನ್ನು ತುರುಕಿಕೊಳ್ಳುತ್ತಾರೆ. ನೆಟ್ಟಗೆ ಕೂರಿಸಿ, ಸುಂಡೆಕಾಯಿಯಷ್ಟು ಚಿಕ್ಕ ತುತ್ತುಗಳನ್ನು ಸಾರಿನಲ್ಲಿ ಅದ್ದಿ, ಒಂದೊಂದಾಗಿ ಕೊಡುವವರು ಪಕ್ಕದಲ್ಲೇ ಇರಲಿ. ಕೆಮ್ಮು ಬಂದರೆ ನಿಲ್ಲಿಸಿ. ಪ್ರತಿ ಊಟದಲ್ಲೂ ಬರುತ್ತಿದ್ದರೆ ವೈದ್ಯರಿಗೆ ತಿಳಿಸಿ.

ಬೀಗ ಹಾಕುವುದಾದರೆ ಬೆಲ್ಲದ ಡಬ್ಬಿ, ಮೈಸೂರು ಪಾಕು, ಮಾತ್ರೆ, ಸೋಪು, ಫಿನಾಯಿಲ್ ಇರುವ ಕಪಾಟಿಗೆ ಹಾಕಿ, ಅಡುಗೆಮನೆಗಲ್ಲ. ಬಡಿಸುವಾಕೆಯನ್ನು ಗದರಬೇಡಿ, ಹಸಿದವರಿಗೆ ಇಲ್ಲವೆನ್ನಬಾರದೆಂದು ಬೆಳೆದವಳು ಆಕೆ. ಏನು, ಎಷ್ಟು ಹೊತ್ತಿಗೆ ಕೊಟ್ಟೆ ಎಂದು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಲು ಹೇಳಿ, ತಿಂಗಳಿಗೊಮ್ಮೆ ತೂಕವನ್ನೂ ಅದರ ಪಕ್ಕದಲ್ಲಿ ಬರೆಯಿರಿ.